ಕಪ್ಪು ಬಟ್ಟೆಯ ಢೋಲ್

ಎಕ್ಸ್‌ರೇ ಮೇಜಿನ ಮೇಲೆ ಮಲಗುವ ಮುಂಚೆ ಅದರ ಮೇಲೊಮ್ಮೆ ಅಂಗೈ ಊರಿದೆ. ಮೊಣಕಾಲು ನೋವೆಂದು ಆಸ್ಪತ್ರೆಗೆ ಹೋಗಿದ್ದೆ. ಹೊರಗಿನ ಪಡಸಾಲೆಯಲ್ಲಿ ಕಾಯುವಾಗ ಕಿಟಕಿಯಾಚೆ ಆಷಾಢದ ಮಳೆ, ಯಾರೋ ಮೇಲೆ ಕುಳಿತು ಹಿಟ್ಟು ಸಾಣಿಸುತ್ತಿರುವ ಹಾಗೆ, ಸದ್ದಿಲ್ಲದೆ ಬೀಳುತ್ತಿತ್ತು. ಒಳಗಿನ ಮೇಜು ಕಪ್ಪಗೆ, ಕೆರೆಯ ನೀರಿನಂತೆ ನುಣ್ಣಗಿತ್ತು. ಬಾಗಿ ನೋಡಿದರೆ ಆ ನುಣುಪಿನ ಅಡಿಯಲ್ಲಿ ನೇಯ್ಗೆ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ಚಾಪೆಯ ಹಾಗೆ.

"ಝೋಪಾ ಆಜೀ" ಎಂದಳು ಯಂತ್ರದ ಹುಡುಗಿ. ಮಲಗಿದೆ. ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆದರೆ ನನ್ನ ಮೂಗಿಗೆ ಇನ್ನೊಂದು ವಾಸನೆ ಬಂತು. ಹೊಸ ಬಾಗಿಲಿಗೆ ಬಳಿದ ವಾರ್ನಿಶ್ ಮತ್ತು ಒಲೆಯ ಮೇಲೆ ಕರಗುತ್ತಿರುವ ಬೆಲ್ಲ, ಇವೆರಡರ ನಡುವಿನ ಯಾವುದೋ ಒಂದು ವಾಸನೆ. ಅದು ಎಲ್ಲಿಯದು ಎಂದು ನನಗೆ ಕೂಡಲೇ ಗೊತ್ತಾಯಿತು. ಆ ಒಂದು ಮಳೆಗಾಲ ಇಡಿಯಾಗಿ, ನೆನೆದ ಛತ್ರಿಯನ್ನು ಒಳಗೆ ತಂದು ಬಿಚ್ಚಿದ ಹಾಗೆ, ನನ್ನ ಮೈಮೇಲೆ ಹನಿಯಿತು.

ನಾನು ಕೆಲಸ ಮಾಡಿದ್ದು ಆಪರೇಷನ್ ಥಿಯೇಟರಿನಲ್ಲಿ. ಹುಟ್ಟಿದ್ದು ಜಮಖಂಡಿ ಕಡೆ, ನರ್ಸಿಂಗ್ ಕಲಿತದ್ದು ಮೀರಜಿನಲ್ಲಿ, ತಲೆ ನೆರೆತದ್ದು ಪುಣೆಯಲ್ಲಿ. ಹಾಸಿಗೆಯ ಮೂಲೆಯನ್ನು ಲಕೋಟೆಯಂತೆ ಮಡಚಬೇಕು, ಒಳಗೆ ಹೋದ ಕತ್ತರಿಗಳೆಲ್ಲ ಎಣಿಕೆ ತಪ್ಪದೆ ಹಿಂದಕ್ಕೆ ಬರಬೇಕು, ತೊಳೆದ ಕೈ ಮೊಣಕೈಗಿಂತ ಕೆಳಗೆ ಇಳಿಯಬಾರದು ಎಂಬುದನ್ನು ಮೊದಲ ವರ್ಷವೇ ನಮ್ಮ ಮೇಟ್ರನ್ ಕಲಿಸಿದ್ದರು. ಕಲಿತದ್ದನ್ನು ನಾನು ನಿವೃತ್ತಿಯ ದಿನ ಆಸ್ಪತ್ರೆಯಲ್ಲಿ ಬಿಟ್ಟು ಬರಲಿಲ್ಲ. ಮನೆಯಲ್ಲಿ ಈಗಲೂ ಚಮಚಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗುತ್ತವೆ.

ವಿಮಾನ ನಗರದ ನಮ್ಮ ಕಟ್ಟಡದಲ್ಲಿ ನನ್ನ ಮೇಲಿನ ಮನೆಯವನು ಮಲ್ಲಿಕಾರ್ಜುನ. ಮುಧೋಳದ ಅರಿವೆ ವ್ಯಾಪಾರಿಗಳ ಮಗ, ಎಂಜಿನಿಯರ್. ಶಿರೂರು ರಸ್ತೆಯ ಪಕ್ಕ ಒಂದು ಶೆಡ್ಡಿನಲ್ಲಿ ಎಕ್ಸ್‌ರೇ ಯಂತ್ರಗಳಿಗೆ ಕಾರ್ಬನ್ ಫೈಬರ್ ಮೇಜಿನ ಹಲಗೆ ಮಾಡುತ್ತಿದ್ದ. ನಾನು ನಿವೃತ್ತಳಾದ ಮೇಲೆ ಒಂದು ಸಂಜೆ ಕೆಳಗಿಳಿದು ಬಂದು, ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ: "ಸಿಸ್ಟರ್, ನನಗ ಎಂಜಿನಿಯರ್ ಸಿಗ್ತಾರ್ರಿ. ಕೈ ತೊಳಕೊಳ್ಳೋದು ಕಲಿಸೋರು ಸಿಗವಲ್ರು."

ಅವನ ಕಷ್ಟ ಹೀಗಿತ್ತು. ಹಲಗೆಯ ಪದರಗಳ ನಡುವೆ ಒಂದು ಕೂದಲು, ಒಂದು ಧೂಳಿನ ಕಣ, ಎಣ್ಣೆಗೈಯ ಒಂದು ಗುರುತು ಸಿಕ್ಕಿಕೊಂಡರೂ ಹಲಗೆ ಹಾಳು. ಎಕ್ಸ್‌ರೇ ಮೇಜಿನ ಗುಣವೆಂದರೆ ಅದು ಚಿತ್ರದಲ್ಲಿ ಕಾಣಬಾರದು. ಕಿರಣ ಅದರೊಳಗಿಂದ ಏನೂ ಇಲ್ಲವೆಂಬಂತೆ ಹಾದುಹೋಗಬೇಕು. ಕಂಡರೆ ನಮ್ಮ ಕೆಲಸ ಕೆಟ್ಟ ಹಾಗೆ. ನಾನು ಮರುದಿನವೇ ಹೋದೆ.

ಕಾರ್ಬನ್ ಫೈಬರ್ ಎಂಬ ಹೆಸರು ಕೇಳಿ ಲೋಹದಂಥದ್ದೇನೋ ಎಂದುಕೊಂಡಿದ್ದೆ. ನೋಡಿದರೆ ಬಟ್ಟೆ. ಕೂದಲಿಗಿಂತ ಸಣ್ಣ ಇಂಗಾಲದ ಎಳೆಗಳನ್ನು ನೇಯ್ದು, ರೆಸಿನ್ ಎಂಬ ಅಂಟನ್ನು ಮೊದಲೇ ತಿನ್ನಿಸಿ, ಸುರುಳಿ ಸುತ್ತಿದ ಕಪ್ಪು ಬಟ್ಟೆ. ಅದನ್ನು ಫ್ರೀಜರಿನಲ್ಲಿ ಮಲಗಿಸಿಡುತ್ತಾರೆ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಕಾಯಬೇಕು. ಅವಸರಪಟ್ಟು ಬಿಚ್ಚಿದರೆ, ಅದರಲ್ಲೂ ಮಳೆಗಾಲದಲ್ಲಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂತುಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ರಕ್ತದ ಚೀಲಕ್ಕೆ ಕಾಯುವುದು ನನಗೆ ಗೊತ್ತಿತ್ತು, ಇದೂ ಹಾಗೆಯೇ. ಚಳಿ ಬಿಟ್ಟ ಮೇಲೆ ಕತ್ತರಿಸಿ, ಒಂದು ಪದರ ನೇರ, ಒಂದು ಪದರ ಓರೆಯಾಗಿ ಅಚ್ಚಿನಲ್ಲಿ ಹಾಸಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚನ್ನೆಲ್ಲ ಅಂಟುಪಟ್ಟಿಯಿಂದ ಮುಚ್ಚಿ ಪಂಪ್ ಹಚ್ಚಿದರೆ ಒಳಗಿನ ಗಾಳಿಯೆಲ್ಲ ಹೊರಗೆ. ಹಾಳೆ ನಿಧಾನವಾಗಿ ಬಟ್ಟೆಯನ್ನು ಅಪ್ಪಿಕೊಳ್ಳುತ್ತದೆ. ಆ ಹೊತ್ತಿಗೆ ಕೋಣೆಯಲ್ಲಿ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಎಲ್ಲಾದರೂ ಸಣ್ಣ ತೂತಿದ್ದರೆ ಸುಯ್ ಎಂಬ ಸದ್ದು ಕೇಳಬೇಕಲ್ಲ. ಅದು ಮುಗಿದ ಮೇಲೆ ಓವನ್. ಅಲ್ಲಿಂದ ಹೊರಬರುವಾಗ ಬಟ್ಟೆ ಬಟ್ಟೆಯಾಗಿರುತ್ತಿರಲಿಲ್ಲ. ಅಲ್ಯೂಮಿನಿಯಮ್ಮಿಗಿಂತ ಹಗುರ, ತೂಕಕ್ಕೆ ತೂಕ ನೋಡಿದರೆ ಕಬ್ಬಿಣಕ್ಕಿಂತ ಬಿಗಿ. ಮತ್ತೆ ಆ ವಾಸನೆ.

ಅಲ್ಲಿ ಬಟ್ಟೆ ಹಾಸುವವರೆಲ್ಲ ಹೆಂಗಸರು. ಅವರಲ್ಲಿ ಮಹಾದೇವಿ ಮುಖ್ಯಳು. ಯಾದಗಿರಿ ಕಡೆಯವಳು. ಗಂಡನೊಡನೆ ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದು, ಇಟ್ಟಿಗೆ ಹೊತ್ತು ಹೊತ್ತು ಸಾಕಾಗಿ ಈ ಶೆಡ್ಡಿಗೆ ಸೇರಿದ್ದಳು. ಮೊದಲ ವಾರ ನಾನು ಅವಳ ತಲೆಯ ಎಣ್ಣೆ ಬಿಡಿಸಿದೆ, ಮುಡಿಯ ಹೂವು ಬಿಡಿಸಿದೆ, ಕುಂಕುಮ ಬಿಡಿಸಿ ಅಂಟಿಸುವ ಟಿಕಳಿ ಹಚ್ಚಿಸಿದೆ, ಬಳೆಗಳನ್ನು ಕೈಗವಸಿನ ಒಳಗೆ ಬಚ್ಚಿಡಿಸಿದೆ. ಅವಳು ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಹೇಳಿದಳು: "ಅಕ್ಕಾರ, ನೀವು ನಮ್ಮ ಅತ್ತಿ ಆಗಿ ಬಂದಿದ್ರ ನಾ ಮದಿವಿ ದಿನಾನೇ ಓಡಿ ಹೋಗ್ತಿದ್ದೆ." ಉಳಿದವರು ಮಾಸ್ಕಿನ ಹಿಂದೆ ನಕ್ಕರು. ನಾನು ಅವಳ ಉಗುರು ನೋಡಿ ಒಳಗೆ ಬಿಟ್ಟೆ.

ಕೈ ತೊಳೆಸುವುದರ ಜೊತೆಗೆ ನನಗೆ ಇನ್ನೊಂದು ಕೆಲಸ ಬಂತು, ತಟ್ಟಿ ನೋಡುವುದು. ತಯಾರಾದ ಹಲಗೆಯನ್ನು ಒಂದು ಹಳೆಯ ದಪ್ಪ ನಾಣ್ಯದ ಅಂಚಿನಿಂದ ಗೇಣು ಗೇಣಿಗೆ ತಟ್ಟುತ್ತ ಹೋಗಬೇಕು. ಪದರಗಳು ಕೂಡಿಕೊಂಡಿದ್ದರೆ ಸದ್ದು ಸ್ಪಷ್ಟ, ಚುರುಕು. ಎಲ್ಲಾದರೂ ಬಿಟ್ಟುಕೊಂಡಿದ್ದರೆ ಅಲ್ಲಿ ಸದ್ದು ಮಂಕಾಗಿ ಒಳಕ್ಕೆ ಬೀಳುತ್ತದೆ. ರೋಗಿಯ ಬೆನ್ನು ಬೆರಳಿನಿಂದ ತಟ್ಟಿ ಕೇಳುವ ಡಾಕ್ಟರರನ್ನು ಜೀವನವಿಡೀ ನೋಡಿದವಳಿಗೆ ಅದು ಬೇಗ ಒಗ್ಗಿತು. ತಗಡಿನ ಮೇಲೆ ಮಳೆ ಸುರಿಯುತ್ತಿರುವಾಗ ನಾವಿಬ್ಬರೂ, ನಾನು ಮತ್ತು ಮಹಾದೇವಿ, ಹಲಗೆಯ ಎರಡು ಕಡೆ ಬಾಗಿ ಟಿಕ್ ಟಿಕ್ ಎಂದು ಕೇಳುತ್ತ ಹೋಗುತ್ತಿದ್ದೆವು. ಒಮ್ಮೊಮ್ಮೆ ಆ ಸದ್ದಿನಲ್ಲಿ ನನಗೆ ನಿದ್ದೆಯಲ್ಲಿ ನಡೆಯುತ್ತಿರುವ ಹಾಗೆ ಅನಿಸುತ್ತಿತ್ತು. ಕೈ ತನ್ನ ಪಾಡಿಗೆ ನಡೆದಿರುತ್ತಿತ್ತು, ಕಿವಿ ಮಾತ್ರ ಎಚ್ಚರ.

ಮಹಾದೇವಿಯ ಮಗಳು ರೇಣುಕಾ. ಆಗ ಕಾಲೇಜಿನಲ್ಲಿದ್ದಳು. ಗಣಪತಿ ಹಬ್ಬದ ಮೆರವಣಿಗೆಯಲ್ಲಿ ಸಾಲುಸಾಲಾಗಿ ಢೋಲ್ ಬಾರಿಸುತ್ತ ಹೋಗುವ ಪಥಕಗಳು ಪುಣೆಯಲ್ಲಿ ಓಣಿಗೊಂದು. ಅಂಥ ಒಂದು ಪಥಕದಲ್ಲಿ ಅವಳು ಶಾಲೆ ಮುಗಿದಾಗಿನಿಂದ ಬಾರಿಸುತ್ತಿದ್ದಳು. ಢೋಲ್ ಎಂದರೆ ತಮಾಷೆಯಲ್ಲ. ತುಂಬಿದ ಕೊಡದಷ್ಟು ಭಾರದ್ದನ್ನು ಸೊಂಟಕ್ಕೆ ಬಿಗಿದುಕೊಂಡು, ಒಂದು ಕಡೆ ಅಂಗೈ, ಇನ್ನೊಂದು ಕಡೆ ಕೋಲು, ಹೀಗೆ ಬಾರಿಸುತ್ತ, ಕುಣಿಯುತ್ತ ಅರ್ಧ ದಿನ ನಡೆಯಬೇಕು. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವಳು ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆಯ ಒಂದು ಮಣಿಯನ್ನು ಜಜ್ಜಿಕೊಂಡಳು. ತಿಂಗಳುಗಟ್ಟಲೆ ಪಟ್ಟಿ ಕಟ್ಟಿಕೊಂಡು ಮಲಗಿದಳು. ಎದ್ದು ಓಡಾಡುವಂತಾದಳು, ಆದರೆ ಭಾರ ಎತ್ತುವಂತಿಲ್ಲ ಎಂದರು. ಎಕ್ಸ್‌ರೇಗೆ ಕರೆದೊಯ್ದ ದಿನ ಮಹಾದೇವಿ ಮೇಜನ್ನು ನೋಡಿ ಮಗಳನ್ನು ಮರೆತು ಅಂಚಿನ ಮೇಲೆ ಬೆರಳಾಡಿಸಿದಳಂತೆ. "ನಮ್ದ ಅರಿವಿ ಅದ ಇದು" ಎಂದಳಂತೆ. ಮಲಗಿದಲ್ಲಿಂದಲೇ ರೇಣುಕಾ, "ಅವ್ವಾ, ನನ್ನ ನೋಡಬೇ ಮೊದಲ" ಎಂದಿದ್ದಳು.

ಆಷಾಢ ಬಂತು. ಪಥಕಗಳು ವಾದ್ಯಗಳಿಗೆ ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಅಭ್ಯಾಸ ಶುರುಮಾಡುವ ಕಾಲ. ಸಂಜೆಯಾದರೆ ನದಿಯ ದಂಡೆಯಿಂದ ಸದ್ದು ಏಳುತ್ತದೆ, ಮಳೆಯೊಳಗಿಂದ ಇನ್ನೊಂದು ಮಳೆ ಬರುತ್ತಿರುವ ಹಾಗೆ. ರೇಣುಕಾ ಹೋದಳು. ಪಥಕದ ಹಿರಿಯನನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ಹಗಲೆಲ್ಲ ಬ್ಯಾಂಕಿನ ಕಿಟಕಿಯ ಹಿಂದೆ ಕೂತು, ಸಂಜೆ ಢೋಲಿನ ಹಗ್ಗ ಎಳೆಯುವ ಮನುಷ್ಯ. ಅವನು ಮೃದುವಾಗಿಯೇ ಹೇಳಿದನಂತೆ: ಈ ವರ್ಷ ಧ್ವಜ ಹಿಡಿ, ಇಲ್ಲವೆ ತಾಳ ಬಾರಿಸು, ಮುಂದಿನ ವರ್ಷ ನೋಡೋಣ. ಮುಂದಿನ ವರ್ಷವೂ ಬೆನ್ನು ಅದೇ ಬೆನ್ನು ಎಂಬುದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವಳು ತಾಯಿಗೆ ಡಬ್ಬಿ ಕೊಡಲು ಶೆಡ್ಡಿಗೆ ಬಂದಾಗ ನಾನು ಬುದ್ಧಿ ಹೇಳಲು ಹೋದೆ. ಧ್ವಜ ಹಿಡಿಯುವುದೂ ಮಾನದ ಕೆಲಸವೇ ಎಂದೆ. ಅವಳು ನನ್ನ ಮುಖ ನೋಡದೆ, ಮಳೆ ನೋಡುತ್ತ ಮಾತಾಡಿದಳು.

"ನಾ ಹುಟ್ಟಿದ್ದು ಸೈಟಿನ ಮ್ಯಾಲ್ರಿ ಅಕ್ಕಾರ. ಬಿಲ್ಡಿಂಗ್ ಮುಗೀತು ಅಂದ್ರ ನಮ್ಮ ತಗಡಿನ ಶೆಡ್ ಕಿತ್ತೋದು, ಮತ್ತೊಂದು ಕಡಿ ಹೋಗೋದು. ಈ ಊರಾಗ ನನ್ನ ಜಾಗಾ ಅಂತ ಇರೋದು ಒಂದೇ. ಮೂರನೇ ಸಾಲು, ಎಡಕ್ಕ. ಅಲ್ಲಿ ಬ್ಯಾರೇದವ್ರು ನಿಂತ್ರ ನಾ ಧ್ವಜ ಹಿಡಕೊಂಡು ಹಿಂದ ತಿರುಗಿ ನೋಡಬೇಕಾಗ್ತದ."

ಡಬ್ಬಿಯನ್ನು ತೆಗೆದುಕೊಂಡು ಒಳಗೆ ಹೋದೆ.

ಢೋಲಿನ ಮಾತು ತೆಗೆದವನು ಮಲ್ಲಿಕಾರ್ಜುನ. ಚಹಾದ ಹೊತ್ತಿನಲ್ಲಿ, ಬಿಸ್ಕೀಟು ಅದ್ದುತ್ತ, ಢೋಲ್ ಅಂದರೆ ಎರಡೂ ಕಡೆ ತೆರೆದ ಅಗಲ ಕೊಳವೆ ಅಷ್ಟೇ, ಅದನ್ನು ನಮ್ಮ ಬಟ್ಟೆಯಲ್ಲಿ ಮಾಡಿದರೆ ಖಾಲಿ ಕೊಡಕ್ಕಿಂತ ಹಗುರಾಗುತ್ತದೆ ಎಂದ. ಬಟ್ಟೆ ಎಲ್ಲಿಂದ ಎಂದರೆ ಫ್ರೀಜರಿನ ತಳದಲ್ಲಿ ಅವಧಿ ಮುಗಿದ ಒಂದು ಸುರುಳಿ ಇದೆಯಲ್ಲ ಎಂದ. ಅದಕ್ಕೆ ಕೆಂಪು ಚೀಟಿ ಕಟ್ಟಿದವಳು ನಾನೇ. ಎಸೆಯಿರಿ ಎಂದು ಹೇಳಿ ಹೇಳಿ ಸಾಕಾಗಿತ್ತು. ದಿನಾಂಕ ದಾಟಿದ ಔಷಧವನ್ನು ನಾನು ಜೀವಮಾನದಲ್ಲಿ ಯಾರ ತೋಳಿಗೂ ಚುಚ್ಚಿಲ್ಲ. ಆಗುವುದಿಲ್ಲ ಎಂದೆ. ಮಲ್ಲಿಕಾರ್ಜುನ ವಾದ ಮಾಡಲಿಲ್ಲ. ನಿಯಮದ ಪುಸ್ತಕದಲ್ಲೇ ದಾರಿ ಇದೆ ಎಂದ. ಅವಧಿ ಮುಗಿದ ಬಟ್ಟೆಯ ತುಂಡೊಂದನ್ನು ಬೇಯಿಸಿ, ಮುರಿದು ನೋಡಬೇಕು. ಹೊಸ ಬಟ್ಟೆಯಷ್ಟೇ ತಾಳಿಕೊಂಡರೆ ಅದಕ್ಕೆ ಮತ್ತಷ್ಟು ಆಯುಸ್ಸು ಕೊಡಬಹುದು. ನಿಯಮ ಎಂದ ಮೇಲೆ ನಾನು ಇಲ್ಲ ಎನ್ನುವಂತಿರಲಿಲ್ಲ. ಆ ಬಟ್ಟೆಯ ಒಂದು ಪಟ್ಟಿಯನ್ನು ನಾನೇ ಮುಂದೆ ನಿಂತು ಓವನ್ನಿನಲ್ಲಿ ಮಾಡಿಸಿದೆ. ಯಂತ್ರ ಅದನ್ನು ಬಾಗಿಸುತ್ತ ಹೋಯಿತು, ಪಟ್ಟಿ ಬಾಗುತ್ತ ಬಾಗುತ್ತ, ನಾನು ಸಾಕು ಎಂದುಕೊಂಡ ಮೇಲೂ ಬಾಗಿ, ಕೊನೆಗೆ ಟಪ್ ಎಂದು ಮುರಿಯಿತು. ಹೊಸದಕ್ಕೂ ಅದಕ್ಕೂ ವ್ಯತ್ಯಾಸ ಸಿಗಲಿಲ್ಲ. ನಿವೃತ್ತಳಾದ ನಾನೇ ಅವಧಿ ಮುಗಿದ ಬಟ್ಟೆಯ ಕೆಂಪು ಚೀಟಿಯನ್ನು ಬಿಚ್ಚುವಾಗ ಮಹಾದೇವಿ ಪಕ್ಕದಲ್ಲಿ ನಿಂತು ತುಟಿಯೊಳಗೇ ನಗುತ್ತಿದ್ದಳು.

ಆಮೇಲೆ ನಾನು ರೇಣುಕಾಳನ್ನು ನಮ್ಮ ಹಳೆಯ ಸರ್ಜನರ ಬಳಿ ಕರೆದೊಯ್ದೆ. ಅವರು ಚಿತ್ರ ನೋಡಿ, ಬೆನ್ನು ಒತ್ತಿ ನೋಡಿ, ಕಾಲೇಜಿನ ಚೀಲ ಹೊರಬಹುದು, ಅದಕ್ಕಿಂತ ಭಾರ ಬೇಡ ಎಂದರು. ಚೀಲದಷ್ಟು ಎಂದರೆ ಎಷ್ಟು ಎಂದು ನಾನು ಕೇಳಿ ತೂಕ ಹೇಳಿಸಿಕೊಂಡೇ ಎದ್ದೆ. ಸಿಸ್ಟರ್ ಇನ್ನೂ ಬದಲಾಗಿಲ್ಲ ಎಂದು ಅವರು ನಕ್ಕರು.

ಪಥಕದ ಮೂಲೆಯಲ್ಲಿ ಬಿದ್ದಿದ್ದ ಒಡೆದ ಢೋಲೊಂದರಿಂದ ಅಚ್ಚು ತೆಗೆದೆವು. ಬಟ್ಟೆ ಹಾಸಿದ ದಿನ ಭಾನುವಾರ. ಶೆಡ್ಡಿನಲ್ಲಿ ನಾನು, ಮಹಾದೇವಿ, ರೇಣುಕಾ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಫ್ರೀಜರಿನ ಬಾಗಿಲು ತೆರೆದಾಗ ಬಿಳಿಯ ಹಬೆ ಕಾಲಡಿ ಹರಿಯಿತು. ಸುರುಳಿಯನ್ನು ಮಗುವಿನ ಹಾಗೆ ಎರಡೂ ತೋಳಲ್ಲಿ ತಂದು ಮೇಜಿನ ಮೇಲೆ ಇಟ್ಟೆವು, ಕಾದೆವು. ಹಾಸುವ ಕೋಣೆಯ ಗಾಜಿನ ಆಚೆ ರೇಣುಕಾ ಹಣೆ ಒತ್ತಿ ನಿಂತಿದ್ದಳು. ಅವಳ ಉಸಿರು ಗಾಜಿನ ಮೇಲೆ ಮಂಜಾಗಿ, ಆರಿ, ಮತ್ತೆ ಮಂಜಾಗುತ್ತಿತ್ತು. ಮಹಾದೇವಿ ಒಂದು ಪದರ ಹಾಸಿ ಅಂಗೈಯಿಂದ ನಡುವಿನಿಂದ ಅಂಚಿಗೆ ಸವರುವಳು, ಸುಕ್ಕು ಸರಿದು ಹೋಗುವುದು, ಇನ್ನೊಂದು ಪದರ ಹಾಸುವಳು. ಕಪ್ಪು ಬಟ್ಟೆಯ ಮೇಲೆ ಬೆಳಕು ಬಿದ್ದಾಗ ಅದು ಕಪ್ಪಾಗಿರುವುದಿಲ್ಲ, ಸಂಜೆಯ ನದಿಯ ಹಾಗೆ ಎಲ್ಲೋ ಒಂದು ಕಡೆ ಬೆಳ್ಳಗೆ ಹೊಳೆಯುತ್ತ ಜಾಗ ಬದಲಾಯಿಸುತ್ತಿರುತ್ತದೆ. ಪಂಪ್ ಹಚ್ಚಿ ಅಂಚಿಗೆ ಕಿವಿಗೊಟ್ಟೆವು. ಸುಯ್ ಎನ್ನಲಿಲ್ಲ.

ಮರುದಿನ ಅಚ್ಚು ಬಿಡಿಸಿದಾಗ ಮಲ್ಲಿಕಾರ್ಜುನ ಢೋಲಿನ ಒಡಲನ್ನು ಒಂದು ಬೆರಳ ಮೇಲೆ ನೇತುಹಾಕಿ ತೋರಿಸಿದ. ನಾನು ನಾಣ್ಯ ತೆಗೆದೆ. ಸುತ್ತಲೂ ತಟ್ಟಿದೆ. ಎಲ್ಲೂ ಮಂಕಿಲ್ಲ, ದೇವರ ಗಂಟೆಯ ಹಾಗೆ ಠಣ್ ಎಂದಿತು. ನಾವು ಮಾಡಿದ್ದರಲ್ಲೆಲ್ಲ ಅಷ್ಟು ಶುದ್ಧವಾಗಿ ಯಾವುದೂ ನುಡಿದಿರಲಿಲ್ಲ. ಪಾಸ್ ಎಂದೆ ನಾನು.

ತಪ್ಪು ಆಗಿದ್ದು ಅಲ್ಲೇ.

ನದಿಯ ದಂಡೆಯಲ್ಲಿ, ಸೇತುವೆಯ ಕೆಳಗೆ, ಒದ್ದೆ ಮಣ್ಣಿನ ಮೇಲೆ ಪಥಕ ನಿಂತಿತ್ತು. ಎರಡೂ ಕಡೆ ಚರ್ಮ ಬಿಗಿದು, ಹಗ್ಗ ಎಳೆದು, ಹೊಸ ಢೋಲನ್ನು ರೇಣುಕಾ ಸೊಂಟಕ್ಕೆ ಕಟ್ಟಿಕೊಂಡಳು. ತುಂಬಾ ತಿಂಗಳ ಮೇಲೆ ಅವಳ ಬೆನ್ನು ನೆಟ್ಟಗಾಗಿದ್ದು ಕಂಡೆ. ಬಾರಿಸತೊಡಗಿದರು. ಬೇರೆ ಢೋಲುಗಳ ಸದ್ದು ನೆಲದಿಂದ ಬರುತ್ತಿತ್ತು, ಅಂಗಾಲಿನಿಂದ ಎದೆಗೆ ಏರುತ್ತಿತ್ತು. ರೇಣುಕಾಳದು ಮೇಲಿನಿಂದ ಬಂತು. ಚೂಪಾಗಿ, ಪ್ರತಿ ಪೆಟ್ಟಿಗೂ ಒಂದು ಬಾಲ ಎಳೆದುಕೊಂಡು. ಹಿಂದಿದ್ದ ಹುಡುಗನೊಬ್ಬ ಇದು ಶಾಲೆಯ ಗಂಟೆಯೋ ಎಂದು ಕೇಳಿದ. ದಾದಾ ಕೈ ಎತ್ತಿ ನಿಲ್ಲಿಸಿದ. ಅವಳ ಬಳಿ ಬಂದು ಢೋಲನ್ನು ಎತ್ತಿ ನೋಡಿದ, ಹಗುರಕ್ಕೆ ಬೆರಗಾದ, ತಲೆಯಾಡಿಸಿದ. ಅವನು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಸಾಲಿನಲ್ಲಿ ಎಲ್ಲ ಢೋಲ್ ಸೇರಿ ಒಂದೇ ಢೋಲ್ ಆಗಬೇಕು. ನಾನು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಂತರೂ ಇದು ಎಲ್ಲಿದೆ ಎಂದು ಹೇಳಬಲ್ಲೆ. ಹೇಳಲಾಗದಂತೆ ಮಾಡಿ ತಾ ಮಗಳೇ, ಮೂರನೇ ಸಾಲು ನಿನ್ನದೇ.

ಮೂವರೂ ರಿಕ್ಷಾದಲ್ಲಿ ವಾಘೋಲಿಗೆ, ಮಹಾದೇವಿಯ ಮನೆಗೆ, ಹೊರಟೆವು. ಢೋಲ್ ರೇಣುಕಾಳ ತೊಡೆಯ ಮೇಲಿತ್ತು. ಮಳೆಹನಿ ಒಳಗೆ ಎರಚಿ ಚರ್ಮದ ಮೇಲೆ ಬಿದ್ದಾಗಲೂ ಅದು ಸಣ್ಣಗೆ ಠಣ್ ಎನ್ನುತ್ತಿತ್ತು. ಇಳಿಯುವಾಗ ಅವಳು, ಧ್ವಜಾನೇ ಹಿಡೀತೀನಿ ಬಿಡ್ರಿ, ನೀವು ಭಾಳ ತ್ರಾಸ ತಗೊಂಡ್ರಿ ಎಂದಳು. ಮಹಾದೇವಿ ಸಿಟ್ಟಾದಳು. ಮಗಳ ಮೇಲಲ್ಲ, ದಾದಾನ ಮೇಲೆ. "ಇಷ್ಟು ಚಂದ ಹಾಸೀನಿ. ಒಂದು ಸುಕ್ಕರ ತೋರಸಲಿ ಆ ಮುದಿಯಾ" ಎಂದು ಮರುದಿನವೂ ಗೊಣಗುತ್ತಿದ್ದಳು.

ಮರುದಿನ ಎಂದಿನಂತೆ ನಾನು ಒಂದು ಮೇಜಿನ ಹಲಗೆ ತಟ್ಟುತ್ತಿದ್ದೆ. ಟಿಕ್, ಟಿಕ್. ಮಳೆ ನಿಂತು ತಗಡಿನಿಂದ ಹನಿಗಳು ಬಿಟ್ಟು ಬಿಟ್ಟು ಬೀಳುತ್ತಿದ್ದವು. ಕೈ ನಡೆದಿತ್ತು, ಕಿವಿ ಕೇಳುತ್ತಿತ್ತು, ನಾನು ಎಲ್ಲೋ ಇದ್ದೆ. ಆಗ ನನ್ನ ಕೈ ತಾನಾಗಿ ನಿಂತಿತು. ನಾವು ಢೋಲನ್ನು ಕೇಳಿದ್ದು ಮೇಜನ್ನು ಕೇಳುವ ಕಿವಿಯಿಂದ. ಠಣ್ ಎಂದರೆ ಪಾಸ್, ಮಂಕಾದರೆ ಫೇಲ್. ಎಷ್ಟೋ ದಿನದಿಂದ ಅದೊಂದೇ ಪಾಠ. ಆದರೆ ಢೋಲಿಗೆ ಬೇಕಾದದ್ದು ನಾವು ಹೆದರುತ್ತಿದ್ದ ಆ ಮಂಕೇ.

ಮಲ್ಲಿಕಾರ್ಜುನನಿಗೆ ಹೇಳಿದೆ. ಅವನು ಹಣೆ ಬಡಿದುಕೊಂಡ. ಮರ ಪೆಟ್ಟಿನ ನಡುಕವನ್ನು ಸ್ವಲ್ಪ ಕುಡಿಯುತ್ತದೆ, ನಮ್ಮ ಬಟ್ಟೆ ಏನನ್ನೂ ಕುಡಿಯುವುದಿಲ್ಲ, ಎಲ್ಲವನ್ನೂ ಹಿಂದಕ್ಕೆ ಎಸೆಯುತ್ತದೆ ಎಂದ. ಕುಡಿಯುವಂಥದ್ದನ್ನು ಒಳಗೆ ಅಂಟಿಸಿದರೆ? ಪ್ಲಾಸ್ಟರ್ ಹಾಕುವ ಮುಂಚೆ ನಾವು ಕಾಲಿಗೆ ಹತ್ತಿಯ ಪಟ್ಟಿ ಸುತ್ತುತ್ತಿದ್ದೆವು, ಸುತ್ತಿದ ಪ್ಲಾಸ್ಟರ್ ತಟ್ಟಿದರೆ ಸದ್ದೇ ಬೇರೆ ಎಂದೆ. ಹತ್ತಿ ಆಗಬಹುದು, ಆದರೆ ಪಟ್ಟಿ ಬಹಳ ಸಡಿಲ, ರೆಸಿನ್ ಹಿಡಿಯುವುದಿಲ್ಲ, ನೇಯ್ದ ಹತ್ತಿ ಬೇಕು, ಒಂದೆರಡು ಪದರ ಎಂದ. ಮಹಾದೇವಿ ಇಬ್ಬರ ಮಾತನ್ನೂ ಕೇಳುತ್ತ ನಿಂತಿದ್ದವಳು ಕೈಗವಸು ಕಳಚಿದಳು.

"ಪದರ ಹಾಕಿದ ಹತ್ತಿ ಅರಿವಿ ಅಂದ್ರ ಕೌದಿ ಅಲ್ಲೇನ್ರಿ?"

ಮರುದಿನ ತಂದಳು. ಕಟ್ಟಡದ ಸೈಟುಗಳಲ್ಲಿ ಕಬ್ಬಿಣದ ಸರಳುಗಳ ನಡುವೆ ಹಾಸಿ ರೇಣುಕಾಳನ್ನು ಮಲಗಿಸುತ್ತಿದ್ದ ಕೌದಿ. ಹಳೆಯ ನೂಲಿನ ಸೀರೆಗಳ ತುಂಡುಗಳನ್ನು ಕೂಡಿಸಿ ಯಾದಗಿರಿಯಲ್ಲಿ ಅವಳ ತಾಯಿ ಹೊಲಿದದ್ದು. ತೊಳೆದಿದ್ದಳು. ಎಣ್ಣೆಯ ಅಂಶ ಹೋಗಿಲ್ಲ ಎಂದು ನಾನು ಮತ್ತೆ ಎರಡು ಸಲ ತೊಳೆಸಿದೆ. ಮಳೆಗಾಲದ ತೇವ ಉಳಿಯಬಾರದೆಂದು ಓವನ್ನಿನಲ್ಲಿ ಒಣಗಿಸಿದೆ. ಕೌದಿಯನ್ನು ಬೇಯಿಸೋ ಅಡಿಗಿ ಇಲ್ಲೇ ನೋಡಿದೆ ಎಂದು ಮಹಾದೇವಿ ಹಂಗಿಸಿದಳು. ಆದರೆ ಕತ್ತರಿ ಹಾಕುವ ಹೊತ್ತು ಬಂದಾಗ ಅವಳ ಕೈ ನಿಂತಿತು. ಹೊಲಿಗೆಯ ಸಾಲುಗಳನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದಳು. ನಾನು ಬೇರೆ ಬಟ್ಟೆ ನೋಡೋಣ ಎಂದೆ.

"ಬ್ಯಾಡ್ರಿ. ಇದು ಪೆಟ್ಟು ತಿಂದದ್ದು ಅದ. ಇದಕ್ಕ ಗೊತ್ತಾಗ್ತದ" ಎಂದು ಕತ್ತರಿಸಿದಳು.

ಢೋಲಿನ ಒಳಮೈಯನ್ನು ಉಜ್ಜಿ ಒರಟು ಮಾಡಿ, ರೆಸಿನ್ ಬಳಿದು, ಕೌದಿಯ ತುಂಡುಗಳನ್ನು ಸುತ್ತ ಒತ್ತುತ್ತ ಹೋದೆವು. ರೆಸಿನ್ ಹೀರಿದಂತೆ ಮಾಸಿದ ಬಣ್ಣಗಳು ಎದ್ದವು. ಹಸಿರು, ಕುಸುಬಿ ಹೂವಿನ ಕೆಂಪು, ನೀಲಿ ಚೌಕಡಿ, ಯಾವುದೋ ಅಂಚಿನ ಹಳದಿ. ಬೆಂದ ಮೇಲೆ ಕಣ್ಣಿಟ್ಟು ನೋಡಿದರೆ ಹೊರಗೆ ಕಪ್ಪು ಕೊಳದಂಥ ಒಡಲು, ಒಳಗೆ ಬಟ್ಟೆಯಂಗಡಿ. ಚರ್ಮ ಬಿಗಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಬಿಗಿಯುವ ಮುಂಚೆ ರೇಣುಕಾ ಅದರೊಳಗೆ ತಲೆ ಹಾಕಿ ಬಹಳ ಹೊತ್ತು ಇದ್ದಳು. ಒಳಗಿನಿಂದ ಏನೋ ಹೇಳಿದಳು, ನಮಗೆ ಕೇಳಿಸಲಿಲ್ಲ. ನಾನು ತಕ್ಕಡಿಗೆ ಹಾಕಿದೆ. ಭಾರ ಏರಿತ್ತು, ಆದರೆ ಸರ್ಜನರು ಹೇಳಿದ ಗೆರೆಯೊಳಗೇ ಇತ್ತು. ನಾಣ್ಯದಿಂದ ತಟ್ಟಿದೆ. ಸದ್ದು ಒಳಕ್ಕೆ ಹೋಗಿ ಅಲ್ಲೇ ಕೂತಿತು. ಬೇರೆ ದಿನವಾಗಿದ್ದರೆ ಫೇಲ್.

ಶ್ರಾವಣದ ಒಂದು ಸಂಜೆ ಮತ್ತೆ ಸೇತುವೆಯ ಕೆಳಗೆ ಹೋದೆವು. ಮಲ್ಲಿಕಾರ್ಜುನನೂ ಬಂದಿದ್ದ. ನದಿ ತುಂಬಿ, ಚಹಾದ ಬಣ್ಣದ ನೀರು ದಂಡೆಗೆ ಮುಟ್ಟಿತ್ತು. ದಾದಾ ಮಾತಿನಂತೆ ಬೆನ್ನು ತಿರುಗಿಸಿ ನಿಂತ. ಹುಡುಗ ಹುಡುಗಿಯರು ಕಳ್ಳರ ಹಾಗೆ ಕಾಲ್ತುದಿಯಲ್ಲಿ ಜಾಗ ಬದಲಾಯಿಸಿದರು. ರೇಣುಕಾಳನ್ನು ಎಲ್ಲೋ ನಡುವೆ ಸೇರಿಸಿಕೊಂಡರು. ಕಡ್ಡಿಯಿಂದ ಬಾರಿಸುವ ಪುಟ್ಟ ತಾಶಾ ಚಟಪಟ ಎಂದಿತು, ಢೋಲುಗಳು ಎದ್ದವು. ನೆಲ ನಡುಗಿತು. ನಾನು ದಾದಾನ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿತ್ತು, ಹುಬ್ಬು ಗಂಟಿಕ್ಕಿತ್ತು, ತಲೆ ಒಂದು ಕಡೆ ವಾಲಿತ್ತು. ಮಹಾದೇವಿ ನನ್ನ ಮಣಿಕಟ್ಟು ಹಿಡಿದಿದ್ದಳು. ತೊಳೆದ ಕೈಯ ಬಿಗಿ ಹಿಡಿತ.

ಅವನು ಹೊರಳಿ, ಕಣ್ಣು ತೆರೆಯದೆಯೇ, ಸಾಲುಗಳ ನಡುವೆ ನಡೆದು, ಒಂದು ಢೋಲಿನ ಮೇಲೆ ಕೈ ಇಟ್ಟ. "ಹಾ ಬಘಾ" ಎಂದ, ಇದೇ ನೋಡಿ ಎಂಬಂತೆ. ಎಲ್ಲ ಢೋಲುಗಳೂ ನಿಂತವು. ಕಣ್ಣು ತೆರೆದರೆ ಅದು ಅವನ ಅಣ್ಣನ ಮಗನ ಢೋಲ್. ಮರದ್ದು. ನಗು ಸೇತುವೆಯ ಕಮಾನಿಗೆ ಬಡಿದು ಎರಡಾಗಿ ಮರಳಿತು. ದಾದಾ ನಗಲಿಲ್ಲ. ಹುಡುಗನ ಢೋಲಿನ ಹಗ್ಗ ಹಿಡಿದು ಎಳೆದು ನೋಡಿ, ಮೊದಲು ಇದನ್ನು ಬಿಗಿ ಮಾಡು ಎಂದು ಗದರಿದ. ಆಮೇಲೆ ರೇಣುಕಾ ಇರುವಲ್ಲಿಗೆ ಬಂದು, ಕಪ್ಪು ಢೋಲಿಗೆ ಒಮ್ಮೆ ಕೈ ಮುಟ್ಟಿಸಿ ಆ ಕೈಯನ್ನು ಹಣೆಗೆ ಒತ್ತಿಕೊಂಡ.

"ತಿಸರೀ ರಾಂಗ" ಎಂದ. "ಡಾವೀಕಡೇ." ಮೂರನೇ ಸಾಲು, ಎಡಕ್ಕೆ.

ರೇಣುಕಾ ಹೋಗಿ ಅಲ್ಲಿ ನಿಂತಳು. ಅಷ್ಟೇ. ಅಲ್ಲಿದ್ದವನು ಒಂದು ಹೆಜ್ಜೆ ಸರಿದ.

ವಿಸರ್ಜನೆಯ ದಿನ ಹಳೆಯ ಊರಿನ ಇಕ್ಕಟ್ಟು ರಸ್ತೆಯಲ್ಲಿ, ಒಂದು ಅಂಗಡಿಯ ಮೆಟ್ಟಿಲ ಮೇಲೆ ನಾನು ಮತ್ತು ಮಹಾದೇವಿ ನಿಂತಿದ್ದೆವು. ಅಂದು ಅವಳ ಮುಡಿಯಲ್ಲಿ ಹೂವಿತ್ತು, ಹಣೆಯ ಮೇಲೆ ಕಾಸಗಲ ಕುಂಕುಮ. ಗುಲಾಲಿನ ಗುಲಾಬಿ ಮೋಡ ಇಳಿದು ಎಲ್ಲರ ಮುಖವೂ ಒಂದೇ ಆಗಿತ್ತು. ಪಥಕ ಬಂತು, ಮೊದಲ ಸಾಲು, ಎರಡನೇ ಸಾಲು. ಮೂರನೆಯದರಲ್ಲಿ ರೇಣುಕಾ, ಬಿಳಿ ಕುರ್ತಾ, ತಲೆಗೆ ಪೇಟ, ಬೆನ್ನು ನೆಟ್ಟಗೆ, ಕಣ್ಣು ನಮ್ಮ ಮೇಲಿಲ್ಲ. ಅವಳ ಕೈ ಏಳುವುದು, ಬೀಳುವುದು ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿದೆ. ತಟ್ಟಿ ತಟ್ಟಿ ಕಲಿತ ಕಿವಿಯನ್ನೆಲ್ಲ ಒಟ್ಟು ಮಾಡಿ ಆ ಒಂದು ಢೋಲನ್ನು ಹುಡುಕಿದೆ. ಸದ್ದು ಒಂದೇ ಇತ್ತು, ಅಂಗಾಲಿನಿಂದ ಬರುತ್ತಿತ್ತು.

"ಕೇಳಿಸ್ತೇನ್ರಿ ಅಕ್ಕಾರ ನಮ್ದು?" ಮಹಾದೇವಿ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು.

"ಇಲ್ಲ" ಎಂದೆ.

"ನನಗೂ ಇಲ್ರಿ" ಎಂದಳು, ಕಣ್ಣು ಒರೆಸಿಕೊಂಡು ನಕ್ಕಳು.

"ಹಲೂ ನಕಾ ಆಜೀ" ಎಂದಳು ಯಂತ್ರದ ಹುಡುಗಿ. ಅಲುಗಾಡಲಿಲ್ಲ. ಅವಳು ಗೋಡೆಯ ಆಚೆ ಹೋದಾಗ ಬೆರಳ ಗಿಣ್ಣಿನಿಂದ ಮೇಜಿನ ಅಂಚನ್ನು ಒಮ್ಮೆ ಮಾತ್ರ ತಟ್ಟಿದೆ. ಸ್ಪಷ್ಟ, ಚುರುಕು. ಯಾರದೋ ತೊಳೆದ ಕೈಗಳು. ಯಂತ್ರ ಗುಂಯ್ ಎಂದು ಸುಮ್ಮನಾಯಿತು.

ಹೊರಗೆ ಬಂದಾಗ ಅವಳು ಗಾಜಿನ ಪರದೆಯ ಮೇಲೆ ಚಿತ್ರ ತೋರಿಸಿದಳು. ಮೂಳೆ ಸವೆದಿದೆ, ಇಲ್ಲಿ ನೋಡಿ ಎಂದಳು.

ನಾನು ಮೊದಲು ನೋಡಿದ್ದು ಮೂಳೆಯನ್ನಲ್ಲ, ಅದರ ಸುತ್ತಲಿನ ಕತ್ತಲನ್ನು. ನಾನು ಮಲಗಿದ್ದ ಮೇಜು ಅಲ್ಲೆಲ್ಲೂ ಇರಲಿಲ್ಲ.